ತಡವಾಗಿ ಹಿಡಿಯುವ ಗೇರು

ಆ ಭಾನುವಾರ ನನ್ನನ್ನು ಕರೆಸಿದ್ದು ಕಾರು ರಿಪೇರಿಗಲ್ಲ, ಅಕ್ಕನ ಕೈಯಿಂದ ಕಾರಿನ ಕೀ ಇಸಿದುಕೊಳ್ಳಲು. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆ ಬಂದಾಗಲೆಲ್ಲ ನಮ್ಮ ಮನೆಯವರಿಗೆ ನನ್ನ ನೆನಪಾಗುತ್ತದೆ. ಇವನಿಗೆ ಮೂಗಿನ ತುದಿಯಲ್ಲೇ ಸಿಟ್ಟು, ಹೇಗೂ ಎಲ್ಲರನ್ನೂ ಬೈಯುತ್ತಲೇ ಇರುತ್ತಾನೆ, ಈ ಕೆಟ್ಟ ಹೆಸರೂ ಇವನಿಗೇ ಇರಲಿ ಎಂಬ ಲೆಕ್ಕಾಚಾರ.

ಫೋನು ಮಾಡಿದವಳು ಅಕ್ಕನ ಮಗಳು. ಆಸ್ಪತ್ರೆಯಲ್ಲಿ ನರ್ಸು. ನಾನು ಅವಳನ್ನು ಸಿಸ್ಟರಮ್ಮ ಎಂದೇ ಕರೆಯುವುದು. ಎಂಥ ಗಾಯ ಕಂಡರೂ ದನಿ ಏರಿಸದ ಹುಡುಗಿ, ಅವತ್ತು ಫೋನಿನಲ್ಲಿ ಅಳುವ ಹಾಗಿದ್ದಳು.

"ಮಾವ, ಅಮ್ಮ ಮೊನ್ನೆ ಮತ್ತೆ ಹಾಗೇ ಮಾಡಿದ್ಲು. ಗೇಟಿಂದ ರಿವರ್ಸ್ ತಗೊಂಡು ರಸ್ತೆಗೆ ಅಡ್ಡ ನಿಲ್ಲಿಸಿ ಸುಮ್ನೆ ಕೂತುಬಿಟ್ಟಿದ್ಲಂತೆ. ಆ ಕಡೆಯಿಂದ ಲಾರಿ ಬಂತು. ಅವನು ಬ್ರೇಕ್ ಹೊಡೀದೇ ಇದ್ದಿದ್ರೆ ಇವತ್ತು ನಾನು ನಿಮಗೆ ಬೇರೆ ಸುದ್ದಿ ಹೇಳಬೇಕಿತ್ತು."

"ಅವಳೇನಂತಾಳೆ?"

"ಗೇರ್ ಹಾಕಿದೆ, ಕಾರೇ ಮುಂದೆ ಹೋಗ್ಲಿಲ್ಲ ಅಂತಾಳೆ. ಕಾರನ್ನ ಸರ್ವೀಸಿಗೆ ಕಳಿಸಿ ನೋಡಿದೆ ಮಾವ. ಕಂಪ್ಯೂಟರ್ ಹಾಕಿ ನೋಡಿದ್ರು, ಓಡಿಸಿ ನೋಡಿದ್ರು. ಏನೂ ತೊಂದ್ರೆ ಇಲ್ಲ ಅಂದ್ರು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳು ಅದಕ್ಕೂ ಮೊದಲೇ ಇನ್ನೊಂದು ಮಾತು ಹೇಳಿದಳು.

"ಅಜ್ಜಿಗೂ ಹೀಗೇ ಅಲ್ವಾ ಮಾವ, ಶುರುವಾಗಿದ್ದು?"

ಗಾದೆಯನ್ನು ನುಂಗಿಕೊಂಡೆ. ಅಜ್ಜಿ ಎಂದರೆ ನಮ್ಮಮ್ಮ. ಅವಳ ಕೊನೆಯ ವರ್ಷಗಳನ್ನು ನಾನೂ ಅಕ್ಕನೂ ಸೇರಿಯೇ ನೋಡಿದ್ದು. ಮೊದಲು ಒಲೆಯ ಮುಂದೆ ಸೌಟು ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದಳು. ಆಮೇಲೆ ಬಾಗಿಲ ಚಿಲಕ ಹೇಗೆ ತೆಗೆಯುವುದೆಂದು ಯೋಚಿಸುತ್ತ ನಿಲ್ಲುತ್ತಿದ್ದಳು. ಒಂದು ದಿನ ನನ್ನ ಗಲ್ಲ ಹಿಡಿದು, ಬಹಳ ಪ್ರೀತಿಯಿಂದಲೇ, "ನೀನು ಯಾರ ಮಗನಪ್ಪಾ?" ಎಂದು ಕೇಳಿದಳು. ಆ ಪ್ರೀತಿಯನ್ನು ತಡೆದುಕೊಳ್ಳುವುದು ಬೈಗುಳ ತಡೆದುಕೊಳ್ಳುವುದಕ್ಕಿಂತ ಕಷ್ಟವಾಗಿತ್ತು.

ಇನ್ನೊಂದು ವಿಷಯ ನನ್ನನ್ನು ಹೆದರಿಸಿತು. ನನ್ನ ಕಸುಬೇ ಗೇರ್ ಬಾಕ್ಸ್ ಬಿಚ್ಚುವುದು. ಅಕ್ಕನ ಕಾರು ಒಂದು ಸಲ ಕೆಮ್ಮಿದರೂ ಸಾಕು, ಅವಳು ಮೊದಲು ಫೋನು ಮಾಡುವುದು ನನಗೆ. ಈ ಸಲ ಮಾಡಿರಲಿಲ್ಲ. ಕಾರಿನದೇ ತಪ್ಪು ಎಂದು ಅವಳಿಗೆ ಖಾತ್ರಿಯಿದ್ದಿದ್ದರೆ ಮಾಡದೆ ಬಿಡುತ್ತಿದ್ದಳೇ?

ಬೆಳಿಗ್ಗೆ ನಾನು ಹೋದಾಗ ಅಕ್ಕ ಮನೆಯ ಮುಂದೆ ಬಾನೆಟ್ ಎತ್ತಿಕೊಂಡು ಕಾರಿನೊಳಗೆ ಬಗ್ಗಿದ್ದಳು. ಪಕ್ಕದ ಸ್ಟೂಲಿನ ಮೇಲೆ ಬಿಸ್ಕತ್ತಿನ ಹಳೇ ಡಬ್ಬ. ಅದರಲ್ಲಿ ಮಡಿಸಿದ ಬಟ್ಟೆ, ಟಾರ್ಚು, ಇನ್ನೂ ಏನೇನೋ ಸಾಮಾನು. ಆಯಿಲ್ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಇಳಿಸಿ, ಎಳೆದು, ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಒಂದು ಕಣ್ಣು ಮುಚ್ಚಿ, ತಲೆಯನ್ನು ಕೊಂಚ ಎಡಕ್ಕೆ ವಾಲಿಸಿ. ಥೇಟ್ ಭಾವ.

ಭಾವ ಹೋಗಿ ಕೆಲವು ವರ್ಷಗಳಾದವು. ಬಸ್ಸಿನ ಡ್ರೈವರು. ಅಪ್ಪ ತೀರಿಕೊಂಡ ಮೇಲೆ, ಕೆಲಸವಿಲ್ಲದೆ ಅಲೆಯುತ್ತಿದ್ದ ನನ್ನನ್ನು ಮನೆಗೆ ಕರೆದುಕೊಂಡವರು ಅವರು. ಊಟ ಹಾಕಿ ಸುಮ್ಮನಿದ್ದರೆ ಸಾಲದೇ? ಇಲ್ಲ, ಭಾನುವಾರ ಬೆಳಕು ಹರಿಯುವ ಮೊದಲೇ ಹೊದಿಕೆ ಕಿತ್ತೆಸೆದು ಎಬ್ಬಿಸುತ್ತಿದ್ದರು. "ಏಳಯ್ಯಾ ಕುಂಭಕರ್ಣ, ಗಾಡಿಗೆ ಕೊಟ್ಟ ಮೇಲೆ ನಮಗೆ ಕಾಫಿ" ಎನ್ನುವುದು ಅವರ ಸುಪ್ರಭಾತ. ರಾತ್ರಿಯಿಡೀ ಮನೆಯ ಮುಂದೆ ನಿಂತು ತಣ್ಣಗಾದ ಬಸ್ಸಿನ ಎಣ್ಣೆ ನೋಡುವುದು, ಗೇರ್ ಬಾಕ್ಸಿನ ಬೋಲ್ಟು ಬಿಚ್ಚಿ ಕಿರುಬೆರಳು ತೂರಿಸಿ ಅಳತೆ ನೋಡುವುದು, ನೀರು, ಗಾಳಿ, ಬೆಲ್ಟು. ಎಲ್ಲ ಮುಗಿಯುವಷ್ಟರಲ್ಲಿ ಅಕ್ಕ ಕಾಫಿ ತಂದು ಬಂಪರಿನ ಮೇಲಿಡುತ್ತಿದ್ದಳು. ಕಾಫಿಯಲ್ಲಿ ಒಂದಿಷ್ಟು ಗ್ರೀಸಿನ ವಾಸನೆ ಇರುತ್ತಿತ್ತು. ಈಗ ಎಷ್ಟು ಒಳ್ಳೆಯ ಕಾಫಿ ಕುಡಿದರೂ ಏನೋ ಕಮ್ಮಿ ಅನ್ನಿಸುತ್ತದೆ. ನನ್ನ ಹೆಂಡತಿಗೆ ಈ ಮಾತು ಹೇಳಿ ನಾನು ಬೈಸಿಕೊಂಡಿದ್ದೇನೆ.

ಜೀವಮಾನವೆಲ್ಲ ಕ್ಲಚ್ ತುಳಿದು ತುಳಿದು ಭಾವನ ಎಡ ಮಂಡಿ ಸವೆದುಹೋಯಿತು. ನಿವೃತ್ತಿಯಾದ ಮೇಲೆ ಕೊಂಡದ್ದು ಈ ಆಟೋಮ್ಯಾಟಿಕ್ ಕಾರು. ಕ್ಲಚ್ಚಿಲ್ಲದ ಗಾಡಿ ಗಂಡಸರು ಓಡಿಸುವುದಲ್ಲ ಎಂದು ಗೊಣಗುತ್ತಲೇ ಕೊಂಡರು, ಗೊಣಗುತ್ತಲೇ ಓಡಿಸಿದರು. ಓಡಿಸಲಾಗದ ದಿನ ಬಂದಾಗ ಪಕ್ಕದಲ್ಲಿ ಕೂತು ಅಕ್ಕನಿಗೆ ಓಡಿಸಲು ಹೇಳಿಕೊಟ್ಟರು. ಮೂವತ್ತು ವರ್ಷ ಅವರ ಹಿಂದೆ ಕೂತವಳು ಸ್ಟೇರಿಂಗ್ ಹಿಡಿದ ದಿನ ಇಬ್ಬರೂ ಬೀದಿಗೆಲ್ಲ ಕೇಳುವ ಹಾಗೆ ಜಗಳವಾಡಿದ್ದರು.

"ಏನೋ, ಇಷ್ಟು ಬೇಗ?" ಅಕ್ಕ ಬಾನೆಟ್ ಮುಚ್ಚಿ ಕೈ ಒರೆಸಿಕೊಂಡಳು. "ಅವಳು ಹೇಳಿ ಕಳಿಸಿದ್ಲಾ?"

"ಯಾಕೆ, ನಿನ್ನ ಮನೆಗೆ ಬರೋಕೆ ಚೀಟಿ ಬೇಕಾ?"

"ನೀನು ಭಾನುವಾರ ಮಧ್ಯಾಹ್ನದವರೆಗೆ ಏಳೋನಲ್ಲ. ಬಾ ಒಳಗೆ."

ಒಳಗೆ ಅವಳ ಹೊಲಿಗೆಯ ಕೋಣೆ. ಅಕ್ಕ ದರ್ಜಿ. ಮನೆಮನೆಗೆ ಹೋಗಿ ಅಳತೆ ತೆಗೆದು, ಹೊಲಿದು, ತಾನೇ ಕೊಂಡುಹೋಗಿ ಕೊಡುತ್ತಾಳೆ. ಏಳಲಾಗದ ಮುದುಕರು, ಹೊರಗೆ ಬರಲಾಗದ ಬಾಣಂತಿಯರು, ಅಂಗಡಿಯವರ ಅಳತೆಗೆ ಸಿಗದ ದಪ್ಪ ಮೈಯವರು, ಎಲ್ಲರೂ ಅವಳ ಗಿರಾಕಿಗಳೇ. ಕೀ ಕಿತ್ತುಕೊಂಡರೆ ಕಾರಷ್ಟೇ ನಿಲ್ಲುವುದಿಲ್ಲ, ಆ ಕೋಣೆಯೂ ನಿಲ್ಲುತ್ತದೆ. ಮೊಳೆಗೆ ಸಿಕ್ಕಿಸಿದ ಅರ್ಧ ಹೊಲಿದ ತೋಳುಗಳನ್ನು ನೋಡುತ್ತ ನಾನು ಹೇಗೆ ಶುರು ಮಾಡಲಿ ಎಂದು ಯೋಚಿಸುತ್ತಿದ್ದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥ ಮಾತು ನನಗೆ ಹುಟ್ಟಿನಿಂದಲೂ ಬರುವುದಿಲ್ಲ.

ಸಿಸ್ಟರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣಿನಲ್ಲೇ ಹೇಳು ಹೇಳು ಎನ್ನುತ್ತಿದ್ದಳು.

"ಅಕ್ಕ, ನಿಂಗೂ ವಯಸ್ಸಾಯ್ತು..." ಎಂದೆ.

"ನಿಂಗೆ ಕಮ್ಮಿಯಾಯ್ತಾ?"

"ಅದಲ್ಲ. ರಸ್ತೆ ಮೊದಲಿನ ಹಾಗಿಲ್ಲ..."

"ಅಡ್ಡಗೋಡೆ ಮೇಲೆ ದೀಪ ಇಡಬೇಡ. ಕೀ ಕೇಳೋಕೆ ಬಂದಿದೀಯ." ಅಕ್ಕ ಮೆಷಿನ್ನಿನ ಮೇಲಿದ್ದ ಕೀ ಎತ್ತಿಕೊಂಡಳು. ನನ್ನ ಕೈಗೆ ಹಾಕುತ್ತಾಳೆ ಎಂದುಕೊಂಡೆ. "ಒಂದು ಕೋಟು ಕೊಟ್ಟು ಬರೋದಿದೆ. ನನ್ನ ಪಕ್ಕ ಕೂತ್ಕೋ. ನೋಡು. ಆಮೇಲೂ ಕೊಡು ಅಂದ್ರೆ ಕೊಟ್ಟುಬಿಡ್ತೀನಿ. ನೀನು ಹೇಳಿದ್ರೆ ಕೊಡ್ತೀನಿ ಕಣೋ, ಬೇರೆ ಯಾರು ಹೇಳಿದ್ರೂ ಇಲ್ಲ."

ಅವಳ ದನಿಯಲ್ಲಿ ಜಗಳವಿರಲಿಲ್ಲ. ಅದೇ ನನಗೆ ಸಂಕಟವಾದದ್ದು.

ಕಾರಿನಲ್ಲಿ ಕೂತೆವು. ಅಕ್ಕ ಸೀಟು ಸರಿಮಾಡಿಕೊಂಡಳು, ಕನ್ನಡಿ ನೋಡಿದಳು, ಇಂಜಿನ್ ಚಾಲೂ ಮಾಡಿದಳು, ಬ್ರೇಕ್ ತುಳಿದು ರಿವರ್ಸಿಗೆ ಹಾಕಿದಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ, ನಮ್ಮಮ್ಮನ ಕೈಯನ್ನು ಚಿಲಕದ ಮೇಲೆ ನೋಡುತ್ತಿದ್ದ ಹಾಗೆ. ಕೈ ಎಲ್ಲೂ ತಡವರಿಸಲಿಲ್ಲ. ಬ್ರೇಕಿನಿಂದ ಕಾಲು ತೆಗೆದಳು. ಕಾರು ಅಲುಗಲಿಲ್ಲ. ಇಂಜಿನ್ ಹಗುರವಾಗಿ, ಯಾವ ಭಾರವೂ ಇಲ್ಲದೆ ತನ್ನಷ್ಟಕ್ಕೆ ತಿರುಗುತ್ತಿತ್ತು. ನಾವಿಬ್ಬರೂ ಉಸಿರು ಹಿಡಿದು ಕೂತಿದ್ದೆವು. ಆಮೇಲೆ ಕೆಳಗೆ ಎಲ್ಲೋ ಧಡ್ ಎಂದು ಒದ್ದ ಹಾಗಾಗಿ ಕಾರು ಹಿಂದಕ್ಕೆ ಹೊರಟಿತು.

"ನಿಲ್ಲಿಸು," ಎಂದೆ. "ಡ್ರೈವಿಗೆ ಹಾಕು."

ಹಾಕಿದಳು. ಮತ್ತೆ ಅದೇ. ಗೇರು ಡ್ರೈವಿನಲ್ಲಿದೆ, ನನ್ನ ಕಣ್ಣೆದುರೇ ಇದೆ, ಕಾರು ಮಾತ್ರ ನನಗೂ ಇದಕ್ಕೂ ಸಂಬಂಧವಿಲ್ಲ ಎಂದು ನಿಂತಿದೆ. ಧಡ್. ಆಮೇಲೆ ಮುಂದಕ್ಕೆ.

ನನಗೆ ಕುಣಿಯಬೇಕೆನ್ನಿಸಿತು. ಕಾರು ಕೆಟ್ಟಿದೆ ಎಂದು ಇಷ್ಟು ಖುಷಿಪಟ್ಟ ಮೆಕ್ಯಾನಿಕ್ಕು ಲೋಕದಲ್ಲಿ ನಾನೊಬ್ಬನೇ ಇರಬೇಕು. ನೆಲ ನಿಜವಾಗಿಯೂ ಡೊಂಕಾಗಿತ್ತು!

"ಅಕ್ಕ, ಇದು ಗೇರ್ ಬಾಕ್ಸು. ನೀನಲ್ಲ. ಗೇರ್ ಬಾಕ್ಸು!"

ಅವಳು ಸ್ಟೇರಿಂಗ್ ಬಿಡದೆ ಮುಂದೆ ನೋಡುತ್ತ, "ನಿಜ ಹೇಳ್ತಿದೀಯಾ? ನನ್ನ ಸಮಾಧಾನಕ್ಕೆ ಹೇಳ್ಬೇಡ" ಎಂದಳು.

"ನಾನು ಯಾವತ್ತು ಯಾರಿಗೆ ಸಮಾಧಾನ ಹೇಳಿದೀನಿ?"

ಕೋಟು ಹಿಂದಿನ ಸೀಟಿನಲ್ಲೇ ಉಳಿಯಿತು. ಕಾರನ್ನು ಮತ್ತೆ ಮನೆಯ ಮುಂದೆ ನಿಲ್ಲಿಸಿ ಒಂದಿಷ್ಟು ಹೊತ್ತು ಇಂಜಿನ್ ಓಡಲು ಬಿಟ್ಟೆ. ಬಿಸಿಯಾಗುತ್ತ ಹೋದ ಹಾಗೆ ತಡ ಕಡಿಮೆಯಾಗುತ್ತ ಬಂತು. ಪೂರ್ತಿ ಬಿಸಿಯಾದ ಮೇಲೆ ಹಾಕಿದ ತಕ್ಷಣ ಗೇರು ಹಿಡಿಯಿತು, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ. ಸರ್ವೀಸಿನವರು ಏನೂ ಇಲ್ಲ ಎಂದದ್ದರಲ್ಲಿ ಆಶ್ಚರ್ಯವಿಲ್ಲ. ಊರು ದಾಟಿ ಅಲ್ಲಿಗೆ ಹೋಗುವಷ್ಟರಲ್ಲಿ ಕಾರು ಬಿಸಿಯಾಗಿರುತ್ತದೆ, ಒಳ್ಳೆಯ ಮಗುವಿನ ಹಾಗೆ ಇರುತ್ತದೆ. ನನ್ನ ಗ್ಯಾರೇಜಿಗೆ ಬಂದಿದ್ದರೂ ಮೊದಲ ಸಲಕ್ಕೆ ನಾನೂ ಹಾಗೆಯೇ ಹೇಳಿ ಕಳಿಸುತ್ತಿದ್ದೆನೇನೋ.

ತಣ್ಣಗಿದ್ದಾಗ ತಡ, ಬಿಸಿಯಾದರೆ ಸರಿ. ಒಳಗಿನ ರಬ್ಬರ್ ಸೀಲುಗಳು ಗಟ್ಟಿಯಾಗಿರಬಹುದು, ಫಿಲ್ಟರು ಕಟ್ಟಿರಬಹುದು, ಅಥವಾ ಎಣ್ಣೆಯೇ ಕಮ್ಮಿ ಇರಬಹುದು. ಆಟೋಮ್ಯಾಟಿಕ್ ಗಾಡಿಯಲ್ಲಿ ಗೇರನ್ನು ಹಿಡಿದುಕೊಳ್ಳುವುದು ಎಣ್ಣೆಯ ಒತ್ತಡ. ಎಣ್ಣೆ ಕಮ್ಮಿಯಾದರೆ ಪಂಪು ಗಾಳಿ ಎಳೆಯುತ್ತದೆ, ಗಾಳಿಗೆ ಹಿಡಿಯುವ ಶಕ್ತಿ ಇಲ್ಲ. ಬಿಸಿಯಾದಾಗ ಎಣ್ಣೆ ಹಿಗ್ಗಿ ಹೇಗೋ ಸಾಕಾಗುತ್ತದೆ.

"ಎಣ್ಣೆ ನೋಡೋಣ," ಎಂದು ಬಾನೆಟ್ ಎತ್ತಿದೆ.

"ಎಣ್ಣೆ ಸರಿಯಾಗಿದೆ. ಈಗ ತಾನೇ ನೋಡಿದ್ನಲ್ಲ, ಗೆರೆ ಮೇಲೇ ಇದೆ."

"ನೀನು ನೋಡಿದ್ದು ಇಂಜಿನ್ ಆಯಿಲ್."

"ಎರಡೂ ನೋಡ್ತೀನಿ. ಇದು ಇಂಜಿನ್ನಿನ ಕಡ್ಡಿ, ಇದು ಗೇರ್ ಬಾಕ್ಸಿನ ಕಡ್ಡಿ. ನಂಗೇ ಹೇಳಿಕೊಡ್ತೀಯಾ?"

ಇಂಜಿನ್ ಓಡುತ್ತಿರುವಾಗಲೇ ಗೇರ್ ಬಾಕ್ಸಿನ ಕಡ್ಡಿ ಎಳೆದು, ಒರೆಸಿ, ಇಳಿಸಿ, ಮತ್ತೆ ಎಳೆದೆ. ತುದಿಯಲ್ಲಿ ಒಂದು ಹನಿ. ಗೆರೆಯ ಹತ್ತಿರವೂ ಇಲ್ಲ. ಮೂಗಿಗೆ ಹಿಡಿದು ನೋಡಿದೆ, ಸುಟ್ಟ ವಾಸನೆ ಇರಲಿಲ್ಲ. ಗೇರ್ ಬಾಕ್ಸು ಬದುಕಿತ್ತು. ಆದರೆ ಎಣ್ಣೆ ಎಲ್ಲಿ ಹೋಯಿತು? ನೆಲದ ಮೇಲೆ ಅಂಗಾತ ಮಲಗಿ ಕಾರಿನ ಕೆಳಗೆ ನೋಡಿದೆ. ಎಲ್ಲ ಒಣ ಒಣ. ಒಂದು ಹನಿ ಜಿನುಗಿದ ಗುರುತಿಲ್ಲ. ಎಣ್ಣೆ ಹಾರಿಹೋಗುವ ವಸ್ತುವಲ್ಲ.

ಮೇಲೆದ್ದು ಬೆನ್ನು ಜಾಡಿಸಿಕೊಳ್ಳುವಾಗ ಸ್ಟೂಲಿನ ಮೇಲಿನ ಡಬ್ಬದ ಕಡೆ ಸರಿಯಾಗಿ ನೋಡಿದೆ. ಬಟ್ಟೆ, ಟಾರ್ಚು. ಅದರ ಕೆಳಗೆ ದಪ್ಪ ಸಿರಿಂಜು, ಅದರ ಮೂತಿಗೆ ಉದ್ದನೆಯ ಸಣ್ಣ ಪೈಪು.

"ಇದ್ಯಾಕೆ ಅಕ್ಕ?"

"ಎಣ್ಣೆ ಗೆರೆ ದಾಟಿದ್ರೆ ತೆಗೆಯೋಕೆ. ಅವರು ಹೇಳಿಕೊಟ್ಟಿದ್ದು. ಕಮ್ಮಿ ಇದ್ರೂ ನಡೆಯುತ್ತೆ, ಜಾಸ್ತಿ ಇದ್ರೆ ಸೀಲು ಕಿತ್ತುಕೊಳ್ಳುತ್ತೆ ಅಂತಿದ್ರಲ್ಲ. ಒಂದೇ ಸಲಕ್ಕೆ ತೆಗೀಬಾರದು, ವಾರಕ್ಕೆ ಒಂದಿಷ್ಟು." ಅವಳು ಹೆಮ್ಮೆಯಿಂದಲೇ ಹೇಳಿದಳು. "ಚೆಲ್ಲಿಲ್ಲ. ಬಾಟಲಿಯಲ್ಲಿ ಇಟ್ಟಿದೀನಿ. ಅವರಿಗೆ ಎಣ್ಣೆ ಚೆಲ್ಲಿದ್ರೆ ಆಗ್ತಿರಲಿಲ್ಲ."

ಹೊಲಿಗೆಯ ಕೋಣೆಯ ಕಿಟಕಿಯಲ್ಲಿ ಬಾಟಲಿ ಕಾಣಿಸುತ್ತಿತ್ತು. ಕೆಂಪು ಎಣ್ಣೆ, ಮುಕ್ಕಾಲು ತುಂಬಿತ್ತು. ಅದರ ಹಿಂದೆ ಇನ್ನೊಂದು, ಅದು ಪೂರ್ತಿ.

ಬಸ್ಸಿನ ಗೇರ್ ಬಾಕ್ಸಿನ ಎಣ್ಣೆಯನ್ನು ನಿಂತ ಗಾಡಿಯಲ್ಲೇ ನೋಡಬೇಕು, ತಣ್ಣಗಿರುವಾಗಲೇ ನೋಡಬೇಕು. ಭಾವ ಬದುಕಿಡೀ ಹಾಗೇ ನೋಡಿದರು, ಅದು ಸರಿಯೂ ಹೌದು. ಆದರೆ ಈ ಕಾರಿನಂಥ ಆಟೋಮ್ಯಾಟಿಕ್ಕಿನಲ್ಲಿ ಇಂಜಿನ್ ನಿಂತರೆ ಮೇಲಿನ ಎಣ್ಣೆಯೆಲ್ಲ ನಿಧಾನಕ್ಕೆ ಕೆಳಗಿನ ತಟ್ಟೆಗೆ ಇಳಿಯುತ್ತದೆ. ಆಗ ಕಡ್ಡಿ ಹಾಕಿದರೆ ಗೆರೆ ದಾಟಿಯೇ ಇರುತ್ತದೆ. ಇಂಜಿನ್ ಬಿಸಿಯಾಗಿ ಓಡುತ್ತಿರುವಾಗ ತೋರಿಸುವ ಅಳತೆಯೇ ನಿಜವಾದ ಅಳತೆ. ಭಾವ ಬಸ್ಸಿನ ಪಾಠವನ್ನು ಈ ಕಾರಿಗೆ ಹೇಳಿಕೊಟ್ಟು ಹೋಗಿದ್ದರು. ಅಕ್ಕ ಆ ಪಾಠವನ್ನು ಒಂದು ಅಕ್ಷರ ಬಿಡದೆ ಪಾಲಿಸಿದ್ದಳು. ಬೇಸಿಗೆಯಲ್ಲಿ ಎಣ್ಣೆ ಕೂದಲೆಳೆಯಷ್ಟು ಏರಿದರೂ ಅದನ್ನೂ ತೆಗೆದಿದ್ದಳು. ಚಳಿ ಬಂದ ಮೇಲೆ ಗಾಡಿ ಮುಷ್ಕರ ಹೂಡಿತು.

ಈಗ ಇದನ್ನು ಅವಳಿಗೆ ಹೇಳುವುದು ಹೇಗೆ? ಲೀಕಾಗಿದೆ ಎಂದುಬಿಡೋಣ ಅನ್ನಿಸಿತು. ಆದರೆ ನಾನು ಇವತ್ತು ಎಣ್ಣೆ ತುಂಬಿ ಹೋದರೆ ಅವಳು ಮುಂದಿನ ಭಾನುವಾರದಿಂದ ಮತ್ತೆ ತೆಗೆಯಲು ಶುರುಮಾಡುತ್ತಾಳೆ. ಇನ್ನೊಂದು ಲಾರಿ ಬರುತ್ತದೆ. ನಾನು ಇಂಜಿನ್ ನಿಲ್ಲಿಸಿದೆ.

"ಅಕ್ಕ, ಭಾವ ಬಸ್ಸಿನವರು..."

"ಅದಕ್ಕೇನೀಗ?"

"ಈ ಗಾಡಿ ಲೆಕ್ಕ ಬೇರೆ. ಇದರ ಗೇರ್ ಆಯಿಲನ್ನ ಇಂಜಿನ್ ಓಡ್ತಾ ಇರುವಾಗ ನೋಡಬೇಕು. ನಿಂತಾಗ ನೋಡಿದ್ರೆ ಜಾಸ್ತಿ ತೋರಿಸುತ್ತೆ. ನೀನು ತೆಗೆದಿದ್ದು ಜಾಸ್ತಿ ಎಣ್ಣೆ ಅಲ್ಲ. ಬೇಕಾಗಿದ್ದ ಎಣ್ಣೆನೇ."

ಅವಳ ಮುಖ ಬಿಗಿಯಿತು. "ಅವರ ಬಗ್ಗೆ ಒಂದು ಮಾತಾಡಬೇಡ. ನಿಂಗೆ ಸ್ಪ್ಯಾನರ್ ಹಿಡಿಯೋಕೆ ಕಲಿಸಿದವರು."

"ಕಲಿಸಿದವರೇ. ನನ್ನ ಅನ್ನ ಅವರದ್ದು, ನಾನಿಲ್ಲ ಅನ್ನಲ್ಲ. ಆದ್ರೂ ಇದೊಂದು ಅವರಿಗೆ ಗೊತ್ತಿರಲಿಲ್ಲ ಅಕ್ಕ."

ಅವಳು ಸಿರಿಂಜನ್ನು ಕೈಗೆತ್ತಿಕೊಂಡು ಅದರ ಪೈಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಳು. ಕೊನೆಗೆ, "ಹಾಗಾದ್ರೆ ಇದು ನಾನೇ ಮಾಡಿದ್ದು" ಎಂದಳು. "ನೋಡಿದ್ಯಾ, ಕೊನೆಗೂ ನಂದೇ ತಪ್ಪು."

"ಏನು ತಪ್ಪು?" ನನಗೆ ಸಿಟ್ಟು ಬಂತು. "ಒಂದೆರಡು ಭಾನುವಾರ ನೀನು ಮರೆತಿದ್ರೆ, ಮೈಗಳ್ಳತನ ಮಾಡಿ ಮಲಗಿದ್ರೆ, ಈ ಕಾರು ಇವತ್ತು ಸರಿಯಾಗಿರ್ತಿತ್ತು! ಇಷ್ಟು ನೆನಪಿಟ್ಕೊಂಡು ಯಾರು ಮಾಡು ಅಂದ್ರು ನಿಂಗೆ?"

ಹಿಂದೆ ಏನೋ ಸದ್ದಾಯಿತು. ಸಿಸ್ಟರಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು.

"ಒಂದು ಭಾನುವಾರನೂ ಬಿಟ್ಟಿಲ್ಲ ಮಾವ," ಎಂದಳು. "ನಾನು ಕಿಟಕಿಯಿಂದ ನೋಡ್ತಿದ್ದೆ. ವಾರ ವಾರ ಅದೇ ಬಟ್ಟೆ, ಅದೇ ಡಬ್ಬ, ಅದೇ ಥರ ಬಗ್ಗೋದು. ಇದೂ ಕಾಯಿಲೆದೇ ಅಂದ್ಕೊಂಡೆ. ಮಾಡಿದ್ದನ್ನೇ ಮಾಡೋದು ಕೂಡ ಅದರಲ್ಲಿ ಬರುತ್ತೆ..."

ಅಕ್ಕ ಮಗಳ ಪಕ್ಕ ಹೋಗಿ ಕೂತಳು. ಗ್ರೀಸಿನ ಕೈಯನ್ನು ಮಗಳ ಬಟ್ಟೆಗೆ ತಾಗದಂತೆ ಗಾಳಿಯಲ್ಲಿ ಹಿಡಿದು, ಮೊಣಕೈಯಿಂದಲೇ ಅವಳನ್ನು ಹತ್ತಿರ ಎಳೆದುಕೊಂಡಳು.

"ನೀನು ಹೆದರಿದ್ದು ತಪ್ಪಲ್ಲ ಕಣೇ. ನಾನೂ ಹೆದರಿದ್ದೆ. ಲಾರಿ ಬಂದಾಗ ಗೇರ್ ಹಾಕಿದ್ನೋ ಇಲ್ವೋ ಅಂತ ನಂಗೇ ಗೊತ್ತಾಗ್ಲಿಲ್ಲ. ಕೈ ನೋಡ್ಕೊಂಡೆ, ಗೇರ್ ಮೇಲೇ ಇತ್ತು. ಆದ್ರೂ ನಂಬಿಕೆ ಬರಲಿಲ್ಲ. ಅವತ್ತಿಂದ ಮಲಗೋ ಮುಂಚೆ ನನ್ನ ಗಿರಾಕಿಗಳ ಅಳತೆ ಎಲ್ಲ ಬಾಯಲ್ಲೇ ಹೇಳ್ಕೊಳ್ತೀನಿ. ಎದೆ, ಸೊಂಟ, ತೋಳು, ಒಬ್ಬೊಬ್ಬರದಾಗಿ. ಎಲ್ಲಾದ್ರೂ ತಪ್ಪಿದ್ರೆ ನಾನೇ ನಿಂಗೆ ಕೀ ಕೊಟ್ಟುಬಿಡೋಣ ಅಂತ."

"ತಪ್ಪಿತಾ?" ಎಂದು ಕೇಳಿದೆ.

"ಒಂದೇ ಒಂದು. ಆ ಕೋಟಿನವನದು. ಅವನು ದಪ್ಪಗಾಗಿದ್ದಾನೆ, ಅದಕ್ಕೆ ನಾನೇನು ಮಾಡಲಿ?"

ಸಿಸ್ಟರಮ್ಮ ಅಳುತ್ತಲೇ ನಕ್ಕಳು. ನನಗೂ ಕಣ್ಣು ತುಂಬಿತ್ತು, ಕಾರಿನ ಕಡೆ ತಿರುಗಿಕೊಂಡೆ. ಇಷ್ಟು ದಿನ ಅಕ್ಕ ಒಬ್ಬಳೇ ಕತ್ತಲಲ್ಲಿ ಊರಿನವರ ಸೊಂಟದ ಸುತ್ತಳತೆ ಹೇಳಿಕೊಳ್ಳುತ್ತ ಮಲಗಿದ್ದಳು.

ಅಕ್ಕನ ಬಾಟಲಿಗಳ ಎಣ್ಣೆಯನ್ನು ಹಾಕಲಿಲ್ಲ. ಎಷ್ಟು ಪ್ರೀತಿಯಿಂದ ಇಟ್ಟಿದ್ದರೂ ಹಳೆಯದು ಹಳೆಯದೇ. ನನ್ನ ವ್ಯಾನಿನಲ್ಲಿ ಹೊಸ ಎಣ್ಣೆ ಇತ್ತು. ಕಾರನ್ನು ಮತ್ತೆ ಚಾಲೂ ಮಾಡಿ, ಸ್ವಲ್ಪ ಸ್ವಲ್ಪವಾಗಿ ಹಾಕುತ್ತ, ಬ್ರೇಕ್ ತುಳಿದು ಒಂದೊಂದೇ ಗೇರಿಗೆ ಹಾಕಿ ತೆಗೆದು, ಕಡ್ಡಿ ನೋಡುತ್ತ ಗೆರೆಗೆ ತಂದೆ. ಆಮೇಲೆ ಕಾರನ್ನು ಹಾಗೇ ಬಿಟ್ಟು ಊಟ ಮಾಡಿ, ಹರಟೆ ಹೊಡೆದು, ಭಾವನನ್ನು ನೆನೆದು, ಅವರ ಗೊಣಗಾಟವನ್ನು ಅಣಕಿಸಿ, ಸಂಜೆಗೆ ಪೂರ್ತಿ ತಣ್ಣಗಾದ ಮೇಲೆ ಅಕ್ಕನನ್ನೇ ಕೂರಿಸಿದೆ. ರಿವರ್ಸಿಗೆ ಹಾಕಿದಳು. ಕಾರು ತಕ್ಷಣ ಹಿಡಿಯಿತು. ಡ್ರೈವಿಗೆ ಹಾಕಿದಳು, ತಕ್ಷಣ ಹೊರಟಿತು. ಅವಳು ಬೆಚ್ಚಿ ಬ್ರೇಕ್ ಹಾಕಿದಳು.

"ಇದು ಇಷ್ಟು ಚುರುಕಿತ್ತಾ?"

"ಮುಂಚಿನಿಂದ್ಲೂ ಹೀಗೇ."

ಬೀದಿಯ ಕೊನೆಯವರೆಗೆ ಹೋಗಿ ತಿರುಗಿಸಿಕೊಂಡು ಬಂದಳು. ಇಳಿಯುವಾಗ ಅವಳ ಮುಖ ಸಪ್ಪಗಿತ್ತು. ಗೆದ್ದವರ ಮುಖ ಅದಲ್ಲ.

"ಮತ್ತೇನು?" ಎಂದೆ.

"ಏನಿಲ್ಲ. ಭಾನುವಾರ ಬೆಳಿಗ್ಗೆ ಆ ಕಡ್ಡಿ ಹಿಡಿದಾಗ ಅವರು ಹಿಂದೆ ನಿಂತು, ಸರಿಯಾಗಿ ಒರೆಸೇ, ಬೆಳಕಿಗೆ ಹಿಡಿಯೇ ಅಂತ ಬೈದ ಹಾಗೆ ಆಗೋದು. ಗಾಡಿ ಸದ್ದಿರಲ್ಲ, ಬೀದಿ ಸದ್ದಿರಲ್ಲ, ಅವರೊಬ್ಬರದೇ ದನಿ. ಇನ್ನು ಇಂಜಿನ್ ಗುರ್ ಅಂತಿದ್ರೆ ಏನು ಕೇಳಿಸುತ್ತೆ?"

ಗೇರ್ ಬಾಕ್ಸನ್ನು ಸರಿಮಾಡಿದ ನಾನು ಅವಳಿಂದ ಭಾವನನ್ನು ಇನ್ನೊಂದು ಸಲ ಕಿತ್ತುಕೊಂಡಿದ್ದೆ.

ಸಿಸ್ಟರಮ್ಮ ಎಲ್ಲವನ್ನೂ ಕೇಳುತ್ತ ನಿಂತಿದ್ದಳು. ಅವಳು ಬಂದು ಡ್ರೈವರ್ ಸೀಟಿನಲ್ಲಿ ಕೂತು ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದು ನನ್ನನ್ನು ಕೇಳಿದಳು.

"ಮಾವ, ಇಂಜಿನ್ ಓಡ್ತಿರುವಾಗ ಕಡ್ಡಿ ನೋಡೋಕೆ ಇಬ್ಬರು ಬೇಕಲ್ವಾ? ಒಳಗೆ ಬ್ರೇಕ್ ತುಳಿದು ಗೇರ್ ಹಾಕೋಕೆ ಒಬ್ಬರು, ಹೊರಗೆ ನೋಡೋಕೆ ಒಬ್ಬರು?"

ಒಬ್ಬರಿಂದ ಧಾರಾಳವಾಗಿ ಆಗುತ್ತದೆ. ಗೇರುಗಳಿಗೆಲ್ಲ ಒಂದು ಸುತ್ತು ಹಾಕಿ ಪಾರ್ಕ್ ಗೇರಿಗೆ ತಂದು ಇಳಿದರೆ ಮುಗಿಯಿತು. ಊಟಕ್ಕೆ ಮೊದಲು ಅವಳ ಕಣ್ಣೆದುರೇ ನಾನು ಒಬ್ಬನೇ ಮಾಡಿದ್ದೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೌದು," ಎಂದೆ. "ಇಬ್ಬರು ಬೇಕೇ ಬೇಕು. ಒಬ್ಬರಿಂದ ಆಗೋ ಕೆಲಸ ಅಲ್ಲ ಅದು."